ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದಗಳೂ ಕುಶಲ ಕೆಲಸಗಾರರ ಪರವಾನೆಯೂ

ಅರ್ಥಶಾಸ್ತ್ರದ ತರಗತಿಯಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದ ಅಧ್ಯಾಯ ಆರಂಭವಾಗುವುದು ಡೇವಿಡ್ ರಿಕಾರ್ಡೋ 1817ರಲ್ಲಿ ಕೊಟ್ಟ ಉದಾಹರಣೆಯಿಂದ. ಇಂಗ್ಲೆಂಡು ಬಟ್ಟೆ ನೇಯಲಿ, ಪೋರ್ಚುಗಲ್ಲು ದ್ರಾಕ್ಷಾರಸ ಮಾಡಲಿ, ಎರಡೂ ತಮ್ಮ ಸರಕನ್ನು ಬದಲಾಯಿಸಿಕೊಳ್ಳಲಿ, ಇಬ್ಬರಿಗೂ ಲಾಭ. ಈ ಉದಾಹರಣೆಯನ್ನು ಪರೀಕ್ಷೆಯಲ್ಲಿ ಬರೆಯದ ವಿದ್ಯಾರ್ಥಿಯಿಲ್ಲ. ಆದರೆ ಅದರ ಬುಡದಲ್ಲಿ ಒಂದು ಊಹೆ ಅಡಗಿರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬಟ್ಟೆ ಸಮುದ್ರ ದಾಟುತ್ತದೆ. ಅದನ್ನು ನೇಯ್ದವನು ದಾಟುವುದಿಲ್ಲ. ದ್ರಾಕ್ಷಾರಸದ ಪೀಪಾಯಿ ಹಡಗೇರುತ್ತದೆ. ತೋಟದ ಆಳು ತೋಟದಲ್ಲೇ ಉಳಿಯುತ್ತಾನೆ. ದುಡಿಮೆಗಾರನು ದೇಶ ಬಿಟ್ಟು ದೇಶಕ್ಕೆ ಹೋಗುವುದಿಲ್ಲ ಎಂಬ ಊಹೆಯ ಮೇಲೆಯೇ ಆ ಸಿದ್ಧಾಂತದ ಗೋಡೆ ಎದ್ದಿದೆ.

ಸರಕಿನ ಮಾತಾದರೆ ಈ ಊಹೆ ನಡೆದೀತು. ಸೇವೆಯ ಮಾತು ಬಂದೊಡನೆ ಅದು ಅಲುಗಾಡುತ್ತದೆ. ಕ್ಷೌರಿಕನ ಸೇವೆಯನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಲಾಗದು. ದಾದಿಯ ಆರೈಕೆ ಬೇಕಾದರೆ ದಾದಿಯೇ ಹಾಸಿಗೆಯ ಪಕ್ಕಕ್ಕೆ ಬರಬೇಕು. ಇಂಥ ಸೇವೆಗಳ ವ್ಯಾಪಾರವೆಂದರೆ ಮನುಷ್ಯರ ಹೋಗುಬರುವಿಕೆ; ಹೋಗುಬರುವಿಕೆಯೆಂದರೆ ಗಡಿ, ರಹದಾರಿ, ವೀಸಾ, ಕೆಲಸದ ಪರವಾನೆ. ಹೀಗೆ ವ್ಯಾಪಾರದ ಕಾಯಿದೆಯೂ ವಲಸೆಯ ಕಾಯಿದೆಯೂ ಒಂದೇ ಬಾಗಿಲಲ್ಲಿ ಮುಖಾಮುಖಿಯಾಗುತ್ತವೆ. ಆ ಬಾಗಿಲನ್ನು ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ತೆರೆಯಲಾಗಿದೆ ಎಂಬುದನ್ನು ಯಥಾಶಕ್ತಿ ವಿವರಿಸುವುದು ಈ ಲೇಖನದ ಉದ್ದೇಶ.

1. ನಾಲ್ಕು ದಾರಿಗಳು

ಎರಡನೆಯ ಮಹಾಯುದ್ಧದ ತರುವಾಯ ಹುಟ್ಟಿದ ವ್ಯಾಪಾರದ ಒಪ್ಪಂದಗಳು ಬಹುಕಾಲ ಸರಕಿನ ಸುಂಕವನ್ನಷ್ಟೇ ನೋಡಿಕೊಳ್ಳುತ್ತಿದ್ದವು. 1986ರಿಂದ 1994ರವರೆಗೆ ನಡೆದ ಉರುಗ್ವೆ ಸುತ್ತಿನ ಮಾತುಕತೆಯಲ್ಲಿ ಮುಂದುವರಿದ ದೇಶಗಳು ಬ್ಯಾಂಕು, ವಿಮೆ, ದೂರಸಂಪರ್ಕ ಮೊದಲಾದ ಸೇವೆಗಳನ್ನೂ ಒಪ್ಪಂದದೊಳಕ್ಕೆ ತರಬೇಕೆಂದು ಹಟ ಹಿಡಿದವು. ಆಗ ಭಾರತವೇ ಮೊದಲಾದ ಹಿಂದುಳಿದ ದೇಶಗಳು ಒಂದು ನ್ಯಾಯದ ಪ್ರಶ್ನೆಯನ್ನೆತ್ತಿದವು. ನಿಮ್ಮ ಬಂಡವಾಳ ನಮ್ಮಲ್ಲಿಗೆ ಬಂದು ಅಂಗಡಿ ತೆರೆಯಬಹುದಾದರೆ, ನಮ್ಮ ದುಡಿಮೆ ನಿಮ್ಮಲ್ಲಿಗೆ ಬಂದು ಕೆಲಸ ಮಾಡಬಾರದೇಕೆ? ನಮ್ಮಲ್ಲಿ ಹೆಚ್ಚಾಗಿರುವುದು ದುಡಿಮೆಯೇ ಅಲ್ಲವೆ?

ಈ ಕೊಡುಕೊಳ್ಳುವಿಕೆಯ ಫಲವೇ ಸೇವಾ ವ್ಯಾಪಾರದ ಸಾಮಾನ್ಯ ಒಪ್ಪಂದ. ಇದನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ಗ್ಯಾಟ್ಸ್ ಎನ್ನುವುದು ರೂಢಿ. ವಿಶ್ವ ವ್ಯಾಪಾರ ಸಂಸ್ಥೆಯೊಡನೆ ಇದೂ 1995ರ ಜನವರಿ 1ರಂದು ಜಾರಿಗೆ ಬಂದಿತು. ಸೇವೆಯು ಗಡಿ ದಾಟಲು ನಾಲ್ಕು ದಾರಿಗಳುಂಟೆಂದು ಅದು ವಿಂಗಡಿಸುತ್ತದೆ. ನಮ್ಮ ರಾಜಧಾನಿಯ ಉದಾಹರಣೆಗಳಿಂದಲೇ ಅವನ್ನು ತಿಳಿಯಬಹುದು.

ಬೆಂಗಳೂರಿನ ಎಂಜಿನಿಯರು ತನ್ನ ಮೇಜಿನ ಮುಂದೆಯೇ ಕುಳಿತು ನ್ಯೂಯಾರ್ಕಿನ ಬ್ಯಾಂಕಿಗೆ ಕಂಪ್ಯೂಟರ್ ಕ್ರಮವಿಧಿ ಬರೆದು ತಂತಿಯ ಮೂಲಕ ಕಳುಹಿಸಿದರೆ ಅದು ಮೊದಲನೆಯ ದಾರಿ. ಆಫ್ರಿಕದ ರೋಗಿ ಬೆಂಗಳೂರಿಗೆ ಬಂದು ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ, ಸೇವೆಯನ್ನು ಕೊಳ್ಳುವವನೇ ಬಂದಂತಾಯಿತು; ಇದು ಎರಡನೆಯದು. ವಿದೇಶದ ಬ್ಯಾಂಕು ಮಹಾತ್ಮ ಗಾಂಧಿ ರಸ್ತೆಯಲ್ಲಿ ಶಾಖೆ ತೆರೆದರೆ ಅದು ಮೂರನೆಯದು. ಅದೇ ಎಂಜಿನಿಯರು ಆರು ತಿಂಗಳ ಮಟ್ಟಿಗೆ ತಾನೇ ನ್ಯೂಯಾರ್ಕಿಗೆ ಹೋಗಿ ಬ್ಯಾಂಕಿನೊಳಗೆ ಕುಳಿತು ಕೆಲಸ ಮಾಡಿದರೆ ಅದು ನಾಲ್ಕನೆಯದು. ಕುಶಲ ಕೆಲಸಗಾರರ ಪರವಾನೆಯ ಪ್ರಶ್ನೆಯೆಲ್ಲ ಈ ನಾಲ್ಕನೆಯ ದಾರಿಗೆ ಸೇರಿದ್ದು.

ನಾಲ್ಕರಲ್ಲಿ ಇದೇ ಅತ್ಯಂತ ಇಕ್ಕಟ್ಟಾದ ದಾರಿ. ವಿಶ್ವ ವ್ಯಾಪಾರ ಸಂಸ್ಥೆಯ ಅಂದಾಜಿನಂತೆ, ಜಗತ್ತಿನ ಸೇವಾ ವ್ಯಾಪಾರದಲ್ಲಿ ಈ ದಾರಿಯ ಪಾಲು ನೂರಕ್ಕೆ ಐದಕ್ಕಿಂತಲೂ ಕಡಮೆ. ಅರ್ಧಕ್ಕಿಂತ ಹೆಚ್ಚಿನದು ಮೂರನೆಯ ದಾರಿಯದು, ಎಂದರೆ ಬಂಡವಾಳದ್ದು. ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರದ ಅಳತೆ ಇಷ್ಟು.

2. ಒಪ್ಪಂದವು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ

ವ್ಯಾಪಾರ ಒಪ್ಪಂದವಾಯಿತೆಂದರೆ ವಿದೇಶದ ಉದ್ಯೋಗ ಕೈಗೆ ಬಂತೆಂಬ ಭಾವನೆ ಜನರಲ್ಲಿ ಉಂಟು. ಇದು ಸರಿಯಲ್ಲ. ಗ್ಯಾಟ್ಸ್ ಒಪ್ಪಂದಕ್ಕೆ ಮನುಷ್ಯರ ಸಂಚಾರದ ಬಗ್ಗೆ ಒಂದು ಅನುಬಂಧವಿದೆ. ಅದು ಮೂರು ಬೇಲಿಗಳನ್ನು ಹಾಕುತ್ತದೆ.

ಮೊದಲನೆಯದಾಗಿ, ಇನ್ನೊಂದು ದೇಶದ ಉದ್ಯೋಗದ ಮಾರುಕಟ್ಟೆಯಲ್ಲಿ ಕೆಲಸ ಹುಡುಕಲು ಹೋಗುವವರಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಮೊದಲೇ ಗೊತ್ತಾದ ಸೇವೆಯನ್ನು ಸಲ್ಲಿಸಲು ಹೋಗುವವರು ಮಾತ್ರ ಇದರೊಳಗೆ ಬರುತ್ತಾರೆ. ಎರಡನೆಯದಾಗಿ, ಪೌರತ್ವ, ಶಾಶ್ವತ ವಾಸ, ಶಾಶ್ವತ ಉದ್ಯೋಗ ಇವುಗಳಿಗೆ ಇದು ಸಂಬಂಧಿಸಿದ್ದಲ್ಲ. ಹೋದವನು ಹಿಂದಿರುಗಬೇಕು. ಮೂರನೆಯದಾಗಿ, ತನ್ನ ಗಡಿಯನ್ನು ಕಾಯುವ, ವೀಸಾ ಕೇಳುವ ಅಧಿಕಾರ ಪ್ರತಿ ದೇಶಕ್ಕೂ ಉಳಿದಿದೆ. ಒಂದು ದೇಶದವರಿಗೆ ವೀಸಾ ಬೇಕೆಂದು, ಇನ್ನೊಂದು ದೇಶದವರಿಗೆ ಬೇಡವೆಂದು ಹೇಳಿದ ಮಾತ್ರಕ್ಕೆ ಒಪ್ಪಂದ ಮುರಿದಂತಾಗುವುದಿಲ್ಲ. ಆದರೆ ಕೊಟ್ಟ ಮಾತು ನಿಷ್ಫಲವಾಗುವಂತೆ ಆ ಅಧಿಕಾರವನ್ನು ಬಳಸಕೂಡದೆಂದು ಅನುಬಂಧವೇ ಹೇಳುತ್ತದೆ. ಮುಂದೆ ಬರುವ ವ್ಯಾಜ್ಯಗಳೆಲ್ಲ ಈ ಒಂದು ವಾಕ್ಯದ ಸುತ್ತ ಹುಟ್ಟಿದವು.

ಪ್ರತಿ ದೇಶವೂ ತಾನು ಯಾರಿಗೆ ಬಾಗಿಲು ತೆರೆಯುವೆನೆಂದು ಒಂದು ಪಟ್ಟಿಯಲ್ಲಿ ಬರೆದುಕೊಡುತ್ತದೆ. ಮುಂದುವರಿದ ದೇಶಗಳ ಪಟ್ಟಿಗಳನ್ನು ನೋಡಿದರೆ, ಹೆಚ್ಚಿನ ಜಾಗ ಸಿಕ್ಕಿರುವುದು ಒಂದೇ ಕಂಪನಿಯ ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ವರ್ಗವಾಗುವ ವ್ಯವಸ್ಥಾಪಕರಿಗೆ ಮತ್ತು ತಜ್ಞರಿಗೆ. ಎಂದರೆ ಬಂಡವಾಳದ ಬೆನ್ನಿಗೆ ಅಂಟಿಕೊಂಡು ಹೋಗುವ ಮನುಷ್ಯನಿಗೆ ದಾರಿ ಸುಗಮ; ತನ್ನ ವಿದ್ಯೆಯೊಂದನ್ನೇ ಹೊತ್ತು ಒಬ್ಬನೇ ಹೋಗುವವನಿಗೆ ದುರ್ಗಮ.

3. ಉತ್ತರ ಅಮೆರಿಕದ ಪಟ್ಟಿ

ಒಪ್ಪಂದವು ಪರವಾನೆಯನ್ನು ನಿಜವಾಗಿ ಹಗುರ ಮಾಡಿದ ನಿದರ್ಶನ ಬೇಕಾದರೆ ಉತ್ತರ ಅಮೆರಿಕವನ್ನು ನೋಡಬೇಕು. 1989ರ ಜನವರಿಯಲ್ಲಿ ಅಮೆರಿಕ ಮತ್ತು ಕೆನಡಾಗಳ ನಡುವೆ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದಿತು. 1994ರಲ್ಲಿ ಮೆಕ್ಸಿಕೋ ಕೂಡಿಕೊಂಡು ಅದು ನಾಫ್ಟಾ ಆಯಿತು. 2020ರ ಜುಲೈ 1ರಿಂದ ಅದರ ಜಾಗದಲ್ಲಿ ಹೊಸ ಒಪ್ಪಂದವೊಂದು ಬಂದಿದೆ. ಆದರೆ ಕೆಲಸಗಾರರ ಅಧ್ಯಾಯ ಬಹುಮಟ್ಟಿಗೆ ಹಿಂದಿನಂತೆಯೇ ಉಳಿದಿದೆ.

ಈ ಅಧ್ಯಾಯ ನಾಲ್ಕು ಬಗೆಯ ಜನರನ್ನು ಗುರುತಿಸುತ್ತದೆ: ವ್ಯವಹಾರಕ್ಕಾಗಿ ಬಂದುಹೋಗುವವರು, ವ್ಯಾಪಾರಿಗಳು ಹಾಗೂ ಬಂಡವಾಳ ಹೂಡುವವರು, ಕಂಪನಿಯೊಳಗೆ ವರ್ಗವಾದವರು, ವೃತ್ತಿಪರರು. ವೃತ್ತಿಪರರಿಗಾಗಿ ಅರುವತ್ತಕ್ಕೂ ಹೆಚ್ಚು ವೃತ್ತಿಗಳ ಪಟ್ಟಿಯಿದೆ. ಎಂಜಿನಿಯರು, ಲೆಕ್ಕಿಗ, ವಕೀಲ, ಅರ್ಥಶಾಸ್ತ್ರಜ್ಞ, ಗ್ರಂಥಪಾಲಕ, ಸಮಾಜ ಕಾರ್ಯಕರ್ತ, ದಾದಿ, ಪಶುವೈದ್ಯ, ಜೇನುಸಾಕಣೆಯ ವಿಜ್ಞಾನಿ ಇವರೆಲ್ಲ ಅದರಲ್ಲಿದ್ದಾರೆ. ಪ್ರತಿ ವೃತ್ತಿಯ ಎದುರಿಗೆ ಬೇಕಾದ ವಿದ್ಯಾರ್ಹತೆಯನ್ನು ಬರೆದಿದೆ. ಬಹುಪಾಲು ವೃತ್ತಿಗಳಿಗೆ ಪದವಿ ಬೇಕು. ವೈದ್ಯನಿಗೆ ಬೋಧನೆ ಮತ್ತು ಸಂಶೋಧನೆಗೆ ಮಾತ್ರ ಅವಕಾಶ; ರೋಗಿಗಳನ್ನು ನೋಡುವುದೇ ಅವನ ಕಸುಬಾಗಕೂಡದು.

ಪಟ್ಟಿಯಲ್ಲಿ ಹೆಸರಿದ್ದರೆ ಸಿಗುವ ಲಾಭ ದೊಡ್ಡದು. ಸಾಮಾನ್ಯವಾಗಿ ಕೆನಡಾದ ಮಾಲೀಕನು ವಿದೇಶದವನನ್ನು ಕರೆಸಬೇಕಾದರೆ, ಆ ಕೆಲಸಕ್ಕೆ ಸ್ಥಳೀಯರು ಸಿಗಲಿಲ್ಲವೆಂದು ಸರ್ಕಾರಕ್ಕೆ ತೋರಿಸಿಕೊಡಬೇಕು. ಒಪ್ಪಂದದ ಪಟ್ಟಿಯವರಿಗೆ ಈ ಪರೀಕ್ಷೆಯಿಲ್ಲ. ಅಮೆರಿಕಕ್ಕೆ ಹೋಗುವ ಕೆನಡಾದ ಪೌರನಿಗೆ ಮುಂಚಿತವಾಗಿ ವೀಸಾ ಕೂಡ ಬೇಡ. ಪದವಿಪತ್ರ ಮತ್ತು ಮಾಲೀಕನ ಕಾಗದ ಹಿಡಿದು ಗಡಿಯ ಠಾಣೆಯಲ್ಲಿಯೇ ಕೇಳಿಕೊಳ್ಳಬಹುದು. ಒಂದು ಸಲಕ್ಕೆ ಮೂರು ವರ್ಷದವರೆಗೆ ಕೊಡುತ್ತಾರೆ. ಮತ್ತೆ ಮತ್ತೆ ನವೀಕರಿಸಲೂಬಹುದು. ಮೆಕ್ಸಿಕೋದವನು ಮಾತ್ರ ಮೊದಲು ವೀಸಾ ಪಡೆಯಬೇಕು. ಒಪ್ಪಂದ ಒಂದೇ, ಪಟ್ಟಿ ಒಂದೇ, ಆದರೂ ಬಾಗಿಲು ಇಬ್ಬರಿಗೂ ಸಮನಾಗಿ ತೆರೆದಿಲ್ಲ.

ಈ ಪಟ್ಟಿಯಿಂದ ಇನ್ನೊಂದು ಪಾಠವುಂಟು. 1990ರ ಸುಮಾರಿಗೆ ಬರೆದ ವೃತ್ತಿಗಳ ಹೆಸರುಗಳೇ ಇಂದಿಗೂ ನಡೆಯುತ್ತಿವೆ. ಕಂಪ್ಯೂಟರಿನ ಕಸುಬು ಅಂದಿನಿಂದ ನೂರು ಕವಲೊಡೆದಿದ್ದರೂ ಪಟ್ಟಿಯಲ್ಲಿರುವುದು ಅದೇ ಹಳೆಯ ಹೆಸರು. ಕಾಲ ಓಡುತ್ತದೆ, ಪಟ್ಟಿ ನಿಂತಲ್ಲೇ ನಿಂತಿರುತ್ತದೆ.

4. ಅರುವತ್ತೈದು ಸಾವಿರದ ಅಂಕೆ

ಕರ್ನಾಟಕದವರಿಗೆ ಎಚ್-1ಬಿ ಎಂಬ ಹೆಸರು ಅಪರಿಚಿತವಲ್ಲ. ಅಮೆರಿಕದ 1990ರ ವಲಸೆ ಕಾಯಿದೆ ವಿಶೇಷ ವೃತ್ತಿಯವರಿಗಾಗಿ ವರ್ಷಕ್ಕೆ 65,000 ಪರವಾನೆಗಳೆಂಬ ಮಿತಿಯನ್ನು ಗೊತ್ತುಮಾಡಿತು. ಗ್ಯಾಟ್ಸ್ ಒಪ್ಪಂದವಾದಾಗ ಅಮೆರಿಕ ಇದೇ ಅಂಕೆಯನ್ನು ತನ್ನ ಪಟ್ಟಿಯಲ್ಲಿ ಬರೆದುಕೊಟ್ಟಿತು. ಸ್ವದೇಶದ ಕಾಯಿದೆಯಾಗಿದ್ದ ಸಂಖ್ಯೆ ಹೀಗೆ ಜಗತ್ತಿಗೆ ಕೊಟ್ಟ ಮಾತಾಯಿತು. ಕಂಪ್ಯೂಟರ್ ಉದ್ಯಮ ಬೆಳೆದಾಗ ಅಮೆರಿಕ ತನ್ನಿಷ್ಟದಿಂದಲೇ ಈ ಮಿತಿಯನ್ನು 1999ರ ಹಣಕಾಸಿನ ವರ್ಷಕ್ಕೆ 1,15,000ಕ್ಕೂ, 2001ರಿಂದ 2003ರವರೆಗೆ 1,95,000ಕ್ಕೂ ಏರಿಸಿತು. 2004ರಲ್ಲಿ ಮತ್ತೆ 65,000ಕ್ಕೆ ಇಳಿಸಿತು. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ 20,000 ಬೇರೆ. ಏರಿಸಿದ್ದು ಮಾತಿನ ಮೇಲಲ್ಲ. ಆದುದರಿಂದ ಇಳಿಸಿದಾಗ ಯಾರೂ ಕೇಳುವ ಹಾಗಿರಲಿಲ್ಲ. ಒಪ್ಪಂದದ ಅಂಕೆ ಎಂದರೆ ನೆಲ, ಚಾವಣಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ 65,000ದೊಳಗಿನಿಂದಲೇ ಚಿಲಿಗೆ 1,400, ಸಿಂಗಪುರಕ್ಕೆ 5,400 ಪರವಾನೆಗಳನ್ನು 2004ರಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರದ ಒಪ್ಪಂದಗಳ ಮೂಲಕ ತೆಗೆದಿರಿಸಲಾಯಿತು. ಆಸ್ಟ್ರೇಲಿಯದವರಿಗೆ 2005ರಲ್ಲಿ 10,500ರ ಬೇರೊಂದು ವರ್ಗವನ್ನೇ ಮಾಡಿದರು. ಭಾರತದೊಡನೆ ಅಂಥ ಮೀಸಲು ಯಾವುದೂ ಆಗಲಿಲ್ಲ. ಆದರೂ ಇತ್ತೀಚಿನ ವರ್ಷಗಳಲ್ಲಿ ಮಂಜೂರಾದ ಎಚ್-1ಬಿ ಅರ್ಜಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಭಾರತೀಯರವು.

ಈ ದಾರಿಯಲ್ಲಿ ಸುಂಕದ ಗೇಟೂ ಎದ್ದಿತು. 2010ರಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ವೀಸಾದವರಾಗಿರುವ ಕಂಪನಿಗಳ ಮೇಲೆ ಪ್ರತಿ ಎಚ್-1ಬಿ ಅರ್ಜಿಗೆ 2,000 ಡಾಲರ್ ಹೆಚ್ಚಿನ ಶುಲ್ಕ ಹಾಕಿತು. 2015ರ ಕೊನೆಯಲ್ಲಿ ಅದನ್ನು 4,000 ಡಾಲರಿಗೆ ಏರಿಸಿತು. ಕಾಯಿದೆಯಲ್ಲಿ ಯಾವ ದೇಶದ ಹೆಸರೂ ಇರಲಿಲ್ಲ; ಆದರೆ ಆ ಅಳತೆಗೆ ಸಿಕ್ಕಿದವು ಮುಖ್ಯವಾಗಿ ಭಾರತದ ಕಂಪ್ಯೂಟರ್ ಕಂಪನಿಗಳೇ. 2016ರ ಮಾರ್ಚಿಯಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ದೂರಿತ್ತು, ಕೊಟ್ಟ ಮಾತನ್ನು ಈ ಶುಲ್ಕ ನಿಷ್ಫಲಗೊಳಿಸುತ್ತದೆಂದು ವಾದಿಸಿತು. ವ್ಯಾಜ್ಯವು ಸಮಾಲೋಚನೆಯ ಮೆಟ್ಟಲನ್ನು ದಾಟಿ ತೀರ್ಪುಗಾರರ ಮಂಡಳಿಗೆ ಹೋಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಯೊಂದಕ್ಕೆ 1,00,000 ಡಾಲರ್ ಕೊಡಬೇಕೆಂದು ಘೋಷಣೆ ಹೊರಡಿಸಿದರು. ಅಂಕೆಯನ್ನು ಮುಟ್ಟದೆಯೇ ಬಾಗಿಲನ್ನು ಕಿರಿದುಗೊಳಿಸಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

5. ಪರವಾನೆ ಸಿಕ್ಕಮೇಲೆ: ಜಪಾನಿನ ದಾದಿಯರು

ಬಾಗಿಲು ದಾಟಿದರೆ ಸಾಕೆ? ಸಾಲದೆಂಬುದಕ್ಕೆ ಜಪಾನಿನ ಕಥೆ ಸಾಕ್ಷಿ. ಜಪಾನಿನಲ್ಲಿ ಮುದುಕರು ಹೆಚ್ಚು, ದಾದಿಯರು ಕಡಮೆ. 2008ರಲ್ಲಿ ಇಂಡೊನೇಷ್ಯದೊಡನೆಯೂ ಫಿಲಿಪೀನ್ಸಿನೊಡನೆಯೂ ಜಾರಿಗೆ ಬಂದ ಆರ್ಥಿಕ ಸಹಭಾಗಿತ್ವದ ಒಪ್ಪಂದಗಳಲ್ಲಿ ದಾದಿಯರನ್ನೂ ಆರೈಕೆಯವರನ್ನೂ ಕರೆಸಿಕೊಳ್ಳುವ ಏರ್ಪಾಡು ಸೇರಿತು. ಹೋದವರು ತಮ್ಮ ದೇಶದಲ್ಲಿ ತೇರ್ಗಡೆಯಾಗಿ ಅನುಭವ ಪಡೆದ ದಾದಿಯರು. ಆದರೆ ಜಪಾನಿನಲ್ಲಿ ಅವರು ಮೂರು ವರ್ಷದೊಳಗೆ ಆ ದೇಶದ ದಾದಿಯರ ಪರೀಕ್ಷೆಯನ್ನು ಜಪಾನೀ ಭಾಷೆಯಲ್ಲಿಯೇ ಬರೆದು ತೇರ್ಗಡೆಯಾಗಬೇಕು, ಇಲ್ಲವಾದರೆ ಹಿಂದಿರುಗಬೇಕು. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಸಹಾಯಕರ ಕೆಲಸ.

2009ರ ಪರೀಕ್ಷೆಗೆ 82 ಮಂದಿ ಕುಳಿತರು, ಒಬ್ಬರೂ ತೇರ್ಗಡೆಯಾಗಲಿಲ್ಲ. 2010ರಲ್ಲಿ 254 ಮಂದಿ ಕುಳಿತರು, ಮೂವರು ತೇರ್ಗಡೆಯಾದರು. ಅದೇ ಪರೀಕ್ಷೆಯಲ್ಲಿ ಜಪಾನಿನವರು ನೂರಕ್ಕೆ ತೊಂಬತ್ತರಂತೆ ಗೆಲ್ಲುತ್ತಾರೆ. ಹಾಸಿಗೆ ಹಿಡಿದ ರೋಗಿಯ ಬೆನ್ನಿನ ಹುಣ್ಣು ಯಾವ ದೇಶದಲ್ಲೂ ಒಂದೇ. ಅದನ್ನು ತೊಳೆದು ಮದ್ದು ಹಾಕುವುದು ಈ ದಾದಿಯರಿಗೆ ಗೊತ್ತಿತ್ತು. ಆದರೆ ಅದರ ಜಪಾನೀ ಹೆಸರು ಸಾಮಾನ್ಯ ಜಪಾನಿಗನೇ ತಡವರಿಸುವಂಥ ಚಿತ್ರಲಿಪಿಯಲ್ಲಿದೆ. ಕೈಗೆ ಬಂದ ವಿದ್ಯೆ ಕಣ್ಣಿಗೆ ಕಾಣುವ ಅಕ್ಷರದ ಮುಂದೆ ಸೋತಿತು.

ತರುವಾಯ ಜಪಾನು ಕಠಿಣಾಕ್ಷರಗಳ ಪಕ್ಕದಲ್ಲಿ ಉಚ್ಚಾರಣೆಯನ್ನು ಕೊಡಿಸಿತು, ರೋಗದ ಹೆಸರುಗಳನ್ನು ಇಂಗ್ಲಿಷಿನಲ್ಲೂ ಸೇರಿಸಿತು, ವಿದೇಶದ ಅಭ್ಯರ್ಥಿಗಳಿಗೆ ಹೆಚ್ಚು ವೇಳೆ ಕೊಟ್ಟಿತು. 2014ರಿಂದ ವಿಯೆಟ್ನಾಮಿನವರು ಬರತೊಡಗಿದಾಗ, ಹೊರಡುವ ಮೊದಲೇ ಒಂದು ವರ್ಷ ಭಾಷೆ ಕಲಿತು ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂದು ಗೊತ್ತುಮಾಡಿದರು. ಅವರು ಹೆಚ್ಚಿನ ಪ್ರಮಾಣದಲ್ಲಿ ಗೆದ್ದರು. ಪರವಾನೆಯ ಒಪ್ಪಂದ ಮಾಡಿಕೊಳ್ಳುವಾಗಲೇ ಭಾಷಾಶಿಕ್ಷಣಕ್ಕೂ ಹಣ ಹೊಂದಿಸಬೇಕೆಂಬುದು ಇದರ ಪಾಠ.

6. ಭಾರತದ ಒಪ್ಪಂದಗಳು

2001ರಲ್ಲಿ ದೋಹಾದಲ್ಲಿ ಆರಂಭವಾದ ವಿಶ್ವ ವ್ಯಾಪಾರದ ಸುತ್ತು ಮುಕ್ತಾಯ ಕಾಣಲೇ ಇಲ್ಲ. ಆದುದರಿಂದ ಎಲ್ಲರೊಡನೆ ಕುಳಿತು ಪಡೆಯಲಾಗದ್ದನ್ನು ಒಬ್ಬೊಬ್ಬರೊಡನೆ ಕುಳಿತು ಪಡೆಯುವ ಮಾರ್ಗವನ್ನು ಭಾರತ ಹಿಡಿಯಿತು. ಸಿಂಗಪುರದ ಒಪ್ಪಂದ 2005ರ ಆಗಸ್ಟ್ 1ರಿಂದಲೂ, ಕೊರಿಯದ್ದು 2010ರ ಜನವರಿಯಿಂದಲೂ, ಜಪಾನಿನದು 2011ರ ಆಗಸ್ಟಿನಿಂದಲೂ ಜಾರಿಗೆ ಬಂದವು. ಸಿಂಗಪುರದ ಒಪ್ಪಂದದಲ್ಲಿ 127 ವೃತ್ತಿಗಳ ಪಟ್ಟಿಯಿದೆ.

ಈ ಪಟ್ಟಿ ಸಿಂಗಪುರದಲ್ಲಿ ದೊಡ್ಡ ವಾದವನ್ನೆಬ್ಬಿಸಿತು. ಭಾರತೀಯರು ಒಪ್ಪಂದದ ಬಲದಿಂದ ತಮ್ಮ ಉದ್ಯೋಗಗಳನ್ನು ಕಸಿಯುತ್ತಿರುವರೆಂದು ಅಲ್ಲಿನ ಜನ ಅಸಮಾಧಾನಪಟ್ಟರು. 2021ರಲ್ಲಿ ಅಲ್ಲಿನ ಪಾರ್ಲಿಮೆಂಟಿನಲ್ಲಿ ಈ ಬಗ್ಗೆ ದೀರ್ಘ ಚರ್ಚೆ ನಡೆಯಿತು. ಒಪ್ಪಂದವು ಯಾರಿಗೂ ಬೇಷರತ್ತಾದ ಪ್ರವೇಶ ಕೊಡುವುದಿಲ್ಲ, ಸಂಬಳದ ಕನಿಷ್ಠ ಮಿತಿಯೇ ಮೊದಲಾದ ನಿಯಮಗಳು ಎಲ್ಲ ದೇಶದವರಂತೆ ಭಾರತೀಯರಿಗೂ ಉಂಟು ಎಂದು ಸಚಿವರು ವಿವರಿಸಬೇಕಾಯಿತು. ಪರವಾನೆಯ ಪ್ರಶ್ನೆ ಕೇವಲ ಕಾಯಿದೆಯದಲ್ಲ. ಆತಿಥೇಯ ದೇಶದ ಸಾಮಾನ್ಯ ಜನರ ಮನಸ್ಸಿನದೂ ಹೌದು.

ಆಸ್ಟ್ರೇಲಿಯದೊಡನೆ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಒಪ್ಪಂದ ವರ್ಷಕ್ಕೆ 1,800 ಮಂದಿ ಭಾರತೀಯ ಬಾಣಸಿಗರಿಗೂ ಯೋಗ ಶಿಕ್ಷಕರಿಗೂ ಅವಕಾಶ ಕೊಟ್ಟಿದೆ. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿಯಾದ ಒಪ್ಪಂದದಲ್ಲಿಯೂ 1,800ರ ಅಂಕೆಯೇ ಇದೆ. ಅಲ್ಲಿ ಶಾಸ್ತ್ರೀಯ ಸಂಗೀತಗಾರರೂ ಸೇರಿದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಯೋಗ ಕಲಿತ ಬಿ. ಕೆ. ಎಸ್. ಅಯ್ಯಂಗಾರ್ಯರು 1954ರಲ್ಲಿ ಯೂರೋಪಿಗೆ ಹೋದುದು ಪಿಟೀಲುವಾದಕ ಯೆಹೂದಿ ಮೆನುಹಿನ್ನರ ಆಹ್ವಾನದ ಮೇಲೆ. ಅಂದು ಒಬ್ಬ ಕಲಾವಿದನ ಆದರದಿಂದ ತೆರೆದ ದಾರಿ ಇಂದು ಎರಡು ಸರ್ಕಾರಗಳ ಕರಾರಿನಲ್ಲಿ ಒಂದು ಸಾಲಾಗಿದೆ.

7. ಕುಶಲನೆಂದರೆ ಯಾರು?

ಇಷ್ಟು ಪಟ್ಟಿಗಳನ್ನು ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಇದು. ನಮ್ಮ ಮನೆಯಲ್ಲಿ ಪದವಿಯ ಪರೀಕ್ಷೆಗೆ ಕೂರುತ್ತಿರುವವರಲ್ಲಿ ನಾನೇ ಮೊದಲಿಗ. ನನ್ನ ತಂದೆಯವರು ಗಾರೆ ಕೆಲಸದವರು. ಕರಣೆ, ತೂಗುಗುಂಡು, ರಸಮಟ್ಟ ಇವಿಷ್ಟು ಅವರ ಆಸ್ತಿ. ಅವರು ಎಬ್ಬಿಸಿದ ಗೋಡೆ ಒಂದು ನೂಲೂ ಓರೆಯಾಗಿರುವುದಿಲ್ಲ. ಒಂದು ಕಟ್ಟಡಕ್ಕೆ ಎಷ್ಟು ಇಟ್ಟಿಗೆ, ಎಷ್ಟು ಸಿಮೆಂಟು ಬೇಕೆಂದು ಕಾಗದವಿಲ್ಲದೆ ಹೇಳಬಲ್ಲರು. ಆದರೆ ಮೇಲೆ ಹೇಳಿದ ಒಪ್ಪಂದಗಳ ಭಾಷೆಯಲ್ಲಿ ಅವರು ಕುಶಲರಲ್ಲ. ಹತ್ತನೆಯ ತರಗತಿ ಮುಗಿಸದ ಅವರಂಥವರು ಗಲ್ಫಿಗೆ ಹೋಗಬೇಕಾದರೆ, 1983ರ ವಲಸೆ ಕಾಯಿದೆಯಂತೆ ಮೊದಲು ನಮ್ಮ ಸರ್ಕಾರದ ಅಪ್ಪಣೆಯನ್ನೇ ಪಡೆಯಬೇಕು. ಅವರ ಪಾಲಿಗೆ ವ್ಯಾಪಾರ ಒಪ್ಪಂದವಿಲ್ಲ, ದಲ್ಲಾಳಿಯಿದ್ದಾನೆ.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಅಮೆರಿಕ ಬರೆದುಕೊಟ್ಟ ಆ 65,000ದ ಸಾಲಿನಲ್ಲಿ ವಿಶೇಷ ವೃತ್ತಿಯವರ ಜೊತೆಗೆ ಉಡುಪು ತೊಟ್ಟು ಪ್ರದರ್ಶಿಸುವ ರೂಪದರ್ಶಿಗಳೂ ಇದ್ದಾರೆ. ಅವರಿಗೆ ಪದವಿ ಬೇಕಿಲ್ಲ. ಎಂದಮೇಲೆ ಪದವಿಯಿಲ್ಲದವರನ್ನು ಪಟ್ಟಿಗೆ ಸೇರಿಸುವುದು ಅಸಾಧ್ಯವೇನೂ ಅಲ್ಲ. ಕೇಳುವ ಉದ್ಯಮ ಬಲವಾಗಿದ್ದರೆ ಸಾಕು. ಕೆನಡಾ ದೇಶವು ಪೆರು ಮತ್ತು ಕೊಲಂಬಿಯಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ವೃತ್ತಿಪರರ ಜೊತೆಗೆ ತಾಂತ್ರಿಕ ಕಸುಬಿನವರಿಗೂ ಜಾಗ ಕೊಟ್ಟಿದೆ. ಕುಶಲತೆಯ ಗಡಿ ಪ್ರಕೃತಿ ಹಾಕಿದ್ದಲ್ಲ. ಮಾತುಕತೆಯ ಮೇಜಿನ ಮೇಲೆ ಎಳೆದ ಗೆರೆ.

ನನ್ನಂಥ ಪದವೀಧರನ ಸ್ಥಿತಿಯೂ ನಿಶ್ಚಿಂತವಲ್ಲ. ನಮ್ಮ ಮೂರು ವರ್ಷದ ಪದವಿಯೊಂದನ್ನೇ ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮವೆಂದು ಅಲ್ಲಿನ ವಲಸೆ ಇಲಾಖೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಡಮೆಯಾದ ಒಂದು ವರ್ಷದ ವಿದ್ಯೆಗೆ ಮೂರು ವರ್ಷದ ಕೆಲಸದ ಅನುಭವವನ್ನು ತೋರಿಸಬೇಕು. ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯ ಏರ್ಪಾಡು ಬಂದು, 2024–25ರಿಂದ ಮತ್ತೆ ಮೂರು ವರ್ಷದ ಪದ್ಧತಿಗೆ ಹಿಂದಿರುಗಿದ್ದೇವೆ. ಬಡವರ ಮಕ್ಕಳಿಗೆ ಒಂದು ವರ್ಷದ ಖರ್ಚು ಉಳಿಯುವುದೂ ಒಂದು ಲಾಭವೇ. ಆದರೆ ವಿದ್ಯಾರ್ಹತೆಯನ್ನು ಪರಸ್ಪರ ಮಾನ್ಯಮಾಡುವ ಕರಾರು ಇಲ್ಲದಿದ್ದರೆ ಪಟ್ಟಿಯಲ್ಲಿ ನಮ್ಮ ವೃತ್ತಿಯಿದ್ದೂ ಪ್ರಯೋಜನವಿಲ್ಲ. ಗ್ಯಾಟ್ಸ್ ಒಪ್ಪಂದದ ಏಳನೆಯ ವಿಧಿ ಇಂಥ ಮಾನ್ಯತೆಗೆ ಅವಕಾಶ ಕೊಟ್ಟಿದೆ. ಮಾಡಲೇಬೇಕೆಂದು ಕಟ್ಟುಪಾಡು ಹಾಕಿಲ್ಲ.

8. ಎರಡು ಪಕ್ಷಗಳ ವಾದ

ಆತಿಥೇಯ ದೇಶದ ಕೆಲಸಗಾರನ ಆತಂಕವನ್ನು ಸುಳ್ಳೆಂದು ತಳ್ಳಿಹಾಕಬಾರದು. ಪರವಾನೆ ಮಾಲೀಕನ ಹೆಸರಿಗೆ ಕಟ್ಟಿಬಿದ್ದಿರುವಾಗ, ಬಂದವನು ಕಡಮೆ ಸಂಬಳಕ್ಕೂ ತಲೆಬಾಗುತ್ತಾನೆ; ಅದರಿಂದ ಸ್ಥಳೀಯನ ಸಂಬಳವೂ ಕುಗ್ಗಬಹುದು. ಸ್ಥಳೀಯ ದರಕ್ಕಿಂತ ಕಡಮೆ ಕೊಡಕೂಡದೆಂಬ ನಿಯಮ ಇಬ್ಬರನ್ನೂ ಕಾಯುತ್ತದೆ. ಕಳುಹಿಸುವ ದೇಶಕ್ಕೂ ನಷ್ಟವುಂಟು. ಸಾರ್ವಜನಿಕರ ಹಣದಿಂದ ಕಲಿತ ದಾದಿ ಹೊರಟುಹೋದರೆ ಇಲ್ಲಿನ ಆಸ್ಪತ್ರೆಯ ವಾರ್ಡು ಬರಿದಾಗುತ್ತದೆ.

ಇನ್ನೊಂದು ಕಡೆ, ವಾಲ್ಮ್ಸ್ಲಿ ಮತ್ತು ವಿಂಟರ್ಸ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಮುಂದುವರಿದ ದೇಶಗಳು ತಮ್ಮ ದುಡಿಮೆಗಾರರ ಸಂಖ್ಯೆಯಲ್ಲಿ ನೂರಕ್ಕೆ ಮೂರರಷ್ಟು ಮಂದಿಯನ್ನು ತಾತ್ಕಾಲಿಕವಾಗಿ ಹೊರಗಿನಿಂದ ಬರಗೊಟ್ಟರೆ, ಜಗತ್ತಿಗೆ ವರ್ಷಕ್ಕೆ 15,000 ಕೋಟಿ ಡಾಲರಿಗೂ ಹೆಚ್ಚು ಲಾಭವಾದೀತೆಂದು ಅವರು ತೋರಿಸಿದರು. ಕುಶಲರಿಗಿಂತ ಕುಶಲರಲ್ಲವೆಂದು ಹೆಸರಿಟ್ಟವರ ಸಂಚಾರದಿಂದಲೇ ಹೆಚ್ಚು ಲಾಭವೆಂದೂ ಅವರ ಲೆಕ್ಕ ಹೇಳುತ್ತದೆ. ಒಪ್ಪಂದಗಳು ನಡೆದಿರುವುದು ಅದಕ್ಕೆ ಎದುರು ದಿಕ್ಕಿನಲ್ಲಿ.

ಹೋದವನ ಕೈಗೆ ಬರಬೇಕಾದುದರ ಲೆಕ್ಕವೂ ಇದೆ. ಅಮೆರಿಕದಲ್ಲಿ ಎಚ್-1ಬಿ ನೌಕರನ ಸಂಬಳದಿಂದ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಹಿಡಿಯುತ್ತಾರೆ. ಅದರ ನಿವೃತ್ತಿ ವೇತನ ಸಿಗಬೇಕಾದರೆ ಸುಮಾರು ಹತ್ತು ವರ್ಷದ ವಂತಿಗೆ ಬೇಕು. ಆದರೆ ಪರವಾನೆಯ ಸಾಮಾನ್ಯ ಅವಧಿ ಆರು ವರ್ಷ. ಅವಧಿ ಮುಗಿಸಿ ಹಿಂದಿರುಗಿದವನ ಹಣ ಅಲ್ಲೇ ಉಳಿಯುತ್ತದೆ. ಬೆಲ್ಜಿಯಂ, ಜರ್ಮನಿ, ಕೆನಡಾ, ಜಪಾನ್ ಮೊದಲಾದ ದೇಶಗಳೊಡನೆ ಭಾರತ ಇದಕ್ಕೆ ಪರಿಹಾರದ ಒಡಂಬಡಿಕೆ ಮಾಡಿಕೊಂಡಿದೆ; ಅಮೆರಿಕದೊಡನೆ ಆಗಿಲ್ಲ.

9. ಮುಕ್ತಾಯ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಖಚಿತವಾಗುತ್ತವೆ. ವ್ಯಾಪಾರ ಒಪ್ಪಂದ ಉದ್ಯೋಗವನ್ನು ಕೊಡುವುದಿಲ್ಲ. ಕೇಳುವ ಹಕ್ಕನ್ನು ಕೊಡುತ್ತದೆ. ಆ ಹಕ್ಕಿನ ಬೆಲೆ ಪಟ್ಟಿಯ ಅಂಕೆಯಲ್ಲಿಲ್ಲ. ಶುಲ್ಕ ಎಷ್ಟು, ಪದವಿಗೆ ಮಾನ್ಯತೆಯುಂಟೆ, ಪರೀಕ್ಷೆ ಯಾವ ಭಾಷೆಯಲ್ಲಿ, ವಂತಿಗೆಯ ಹಣ ಹಿಂದಿರುಗುವುದೆ ಎಂಬ ಸಣ್ಣ ಸಾಲುಗಳಲ್ಲಿದೆ. ಒಪ್ಪಂದಕ್ಕೆ ಸಹಿಯಾದ ದಿನ ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬರುವುದು ಅಂಕೆ. ನಾವು ಓದಬೇಕಾದುದು ಅನುಬಂಧ.

ಮುಂದಿನ ಒಪ್ಪಂದಗಳಲ್ಲಿ ನಮ್ಮ ಸರ್ಕಾರ ಕೇಳಬೇಕಾದುದನ್ನು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೂ ಒಂದು ಬಿನ್ನಹವುಂಟು. ಎಂಜಿನಿಯರಿಗೂ ಬಾಣಸಿಗನಿಗೂ ಯೋಗ ಶಿಕ್ಷಕನಿಗೂ ಕೇಳಿದಂತೆ, ಕೈಗಾರಿಕಾ ತರಬೇತಿ ಸಂಸ್ಥೆಯಿಂದ ಹೊರಬಂದ ಫಿಟ್ಟರಿಗೂ, ಮೂವತ್ತು ವರ್ಷ ಗೋಡೆ ಎಬ್ಬಿಸಿದ ಗಾರೆಯವನಿಗೂ ಒಂದು ಸಾಲನ್ನು ಕೇಳಲಿ. ಅವರ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೆಲಸ ಮೊದಲು ಇಲ್ಲಿಯೇ ಆಗಲಿ. ನಾವೇ ಅಳೆಯದ ಕುಶಲತೆಯನ್ನು ಪರದೇಶದವರು ಅಳೆದಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಸಹಪಾಠಿಗಳಲ್ಲಿ ಹಲವರು ಮುಂದೆ ಅಧ್ಯಾಪಕರೋ ಅಧಿಕಾರಿಗಳೋ ಆಗುವರು. ಕೆಲವರು ಪರವಾನೆ ಹಿಡಿದು ದೂರದೇಶಕ್ಕೂ ಹೋದಾರು. ಯಾವ ಕಡೆಯ ಮೇಜಿನ ಹಿಂದೆ ಕುಳಿತರೂ, ಪಟ್ಟಿಯಲ್ಲಿ ಹೆಸರಿರುವವರನ್ನು ಲೆಕ್ಕ ಹಾಕಿದ ಮೇಲೆ, ಹೆಸರಿಲ್ಲದವರು ಯಾರೆಂದು ಒಮ್ಮೆ ಕೇಳುವ ಅಭ್ಯಾಸವನ್ನು ನಾವೆಲ್ಲರೂ ಇಟ್ಟುಕೊಂಡರೆ ಅರ್ಥಶಾಸ್ತ್ರ ಓದಿದ್ದು ಸಾರ್ಥಕ.